ಮೀಸೆಯ ಬೆಣ್ಣೆಯೂ ಮುನಿಯ ಕಮಂಡಲುವೂ: ಪರಿಗ್ರಹಪರಿಮಾಣ ವ್ರತದ ಒಂದು ವಿಮರ್ಶೆ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹಪರಿಮಾಣವು ಪರ್ವಕಾಲದ ಪ್ರವಚನಗಳಲ್ಲಿ ಹೆಚ್ಚು ಕೇಳಿಬರುವ, ಮನೆಯ ಲೆಕ್ಕದ ಪುಸ್ತಕದಲ್ಲಿ ಕಡಿಮೆ ಕಾಣಸಿಗುವ ವ್ರತವಾಗಿದೆ. ಹಣದ ವಿಚಾರವನ್ನು ಧರ್ಮದ ಮಾತಿನೊಡನೆ ಬೆರೆಸಬಾರದೆಂಬ ಸಂಕೋಚ ಒಂದೆಡೆ, ನಾಳೆಗಾಗಿ ಕೂಡಿಡುವುದೇ ಪರಿಗ್ರಹವೆಂಬ ತಪ್ಪು ತಿಳಿವಳಿಕೆ ಇನ್ನೊಂದೆಡೆ. ಈ ಎರಡರ ನಡುವೆ ಗೃಹಸ್ಥನು ಆದಾಯ, ವೆಚ್ಚ, ಉಳಿತಾಯ, ಸಾಲ ಎಂಬ ನಾಲ್ಕು ವಿಷಯಗಳಲ್ಲಿ ಶಾಸ್ತ್ರದ ನೆರವಿಲ್ಲದೆ ಒಬ್ಬಂಟಿಯಾಗಿ ಉಳಿದಿದ್ದಾನೆ. ಇದಕ್ಕೆ ಕಾರಣ ಶಾಸ್ತ್ರವೇ, ಅಥವಾ ಶಾಸ್ತ್ರವನ್ನು ಹೇಳಿಕೊಂಡು ಬಂದ ರೀತಿಯೇ ಎಂಬುದನ್ನು ಪರಿಶೀಲಿಸುವ ಅಗತ್ಯವಿದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು 150 ಶ್ಲೋಕಗಳ ಕಿರುಗ್ರಂಥ. ಅಣುವ್ರತಗಳನ್ನು ನಿರೂಪಿಸಿದ ಬಳಿಕ ಆಚಾರ್ಯರು ವ್ರತವನ್ನು ಪಾಲಿಸಿ ಪೂಜ್ಯರಾದವರ ಹೆಸರುಗಳನ್ನೂ ಪಾಪದಿಂದ ಕೆಟ್ಟವರ ಹೆಸರುಗಳನ್ನೂ ಎರಡು ಶ್ಲೋಕಗಳಲ್ಲಿ ಎಣಿಸುತ್ತಾರೆ. ಐದನೆಯ ವ್ರತಕ್ಕೆ ಆದರ್ಶ ಜಯಕುಮಾರ. ಪರಿಗ್ರಹದಿಂದ ಕೆಟ್ಟವನು ಶ್ಮಶ್ರುನವನೀತ. ಮೂಲದಲ್ಲಿರುವುದು ಹೆಸರು ಮಾತ್ರ. ಕಥೆ ದೊರೆಯುವುದು ಪ್ರಭಾಚಂದ್ರರ ಸಂಸ್ಕೃತ ಟೀಕೆಯಲ್ಲಿ. ನಮ್ಮ ಪ್ರವಚನಕಾರರು ಹೇಳುವುದು ಬಹುಮಟ್ಟಿಗೆ ಈ ಟೀಕೆಯ ಕಥೆಯನ್ನೇ.

ಅಯೋಧ್ಯೆಯ ಶ್ರೇಷ್ಠಿಯೊಬ್ಬನ ಮಗ ಲುಬ್ಧದತ್ತನು ವ್ಯಾಪಾರಕ್ಕಾಗಿ ದೂರದೇಶಕ್ಕೆ ಹೋಗಿ ಗಳಿಸಿದ್ದನ್ನೆಲ್ಲ ಕಳ್ಳರ ಪಾಲು ಮಾಡಿಕೊಂಡು ಬರಿಗೈಯಲ್ಲಿ ಹಿಂದಿರುಗುತ್ತಿದ್ದನು. ದಾರಿಯಲ್ಲಿ ಗೋವಳರಲ್ಲಿ ಮಜ್ಜಿಗೆ ಬೇಡಿ ಕುಡಿದಾಗ ಮೀಸೆಗೆ ತುಸು ಬೆಣ್ಣೆ ಅಂಟಿತು. ಇದರಿಂದಲೇ ನನ್ನ ವ್ಯಾಪಾರ ಸಾಗಲೆಂದು ಅದನ್ನು ತೆಗೆದಿಟ್ಟನು. ಹೀಗೆ ಕೂಡಿಸುತ್ತ ಹೋಗಿ ಶ್ಮಶ್ರುನವನೀತನೆಂಬ ಹೆಸರು ಪಡೆದನು. ಕಡೆಗೆ ಒಂದು ಪ್ರಸ್ಥದಷ್ಟು ತುಪ್ಪವಾಯಿತು. ಚಳಿಗಾಲದ ಒಂದು ರಾತ್ರಿ ಹುಲ್ಲಿನ ಗುಡಿಸಲ ಬಾಗಿಲಲ್ಲಿ ಬೆಂಕಿ ಹಾಕಿ, ತುಪ್ಪದ ಪಾತ್ರೆಯನ್ನು ಕಾಲದೆಸೆಯಲ್ಲಿಟ್ಟು ಮಲಗಿದನು. ಈ ತುಪ್ಪದಿಂದ ಧನ, ಧನದಿಂದ ಸಾರ್ಥವಾಹನ ಪದವಿ, ಆಮೇಲೆ ಸಾಮಂತ, ರಾಜಾಧಿರಾಜ, ಕೊನೆಗೆ ಚಕ್ರವರ್ತಿ ಎಂದು ಕನಸು ಬೆಳೆಯಿತು. ಏಳಂತಸ್ತಿನ ಅರಮನೆಯಲ್ಲಿ ಕಾಲೊತ್ತುವ ಸ್ತ್ರೀರತ್ನವನ್ನು, ಒತ್ತಲು ಬಾರದೆಂದು ಸಲಿಗೆಯಿಂದ ಒದೆಯುವ ಕಲ್ಪನೆಯಲ್ಲಿ ಅವನು ನಿಜವಾಗಿ ಕಾಲು ಝಾಡಿಸಿದನು. ಪಾತ್ರೆ ಉರುಳಿತು, ಬೆಂಕಿ ಭುಗಿಲೆದ್ದಿತು. ಬಾಗಿಲೇ ಉರಿದುದರಿಂದ ಹೊರಬರಲಾರದೆ ಸುಟ್ಟು ಸತ್ತನು.

ಈ ಕಥೆಯನ್ನು ಕೇಳಿ ಸಭೆ ನಗುತ್ತದೆ. ಆಸೆಯೇ ಅನರ್ಥವೆಂಬ ನೀತಿಯನ್ನು ಕೊಂಡುಹೋಗುತ್ತದೆ. ಆದರೆ ಕಥೆಯನ್ನು ಬಿಡಿಸಿ ನೋಡಿದರೆ ಇದರಲ್ಲಿ ಕೂಡಿಸುವುದು, ಕಾಪಾಡುವುದು, ಮುಂದಿನದನ್ನು ಯೋಚಿಸುವುದು ಎಂಬ ಮೂರು ಬೇರೆ ಬೇರೆ ಕ್ರಿಯೆಗಳಿರುವುದು ಕಂಡುಬರುತ್ತದೆ. ಸರ್ವಸ್ವವನ್ನೂ ಕಳೆದುಕೊಂಡವನು ಮೀಸೆಯ ಬೆಣ್ಣೆಯಿಂದ ಮತ್ತೆ ಬದುಕು ಕಟ್ಟಲು ಹೊರಡುವುದು ದೋಷವಲ್ಲ. ಅದು ಕದ್ದುದಲ್ಲ, ಮೋಸದಿಂದ ಬಂದುದಲ್ಲ. ಕಾಪಾಡುವಲ್ಲಿ ಮಾತ್ರ ಅವನು ಎಡವಿದನು. ಇದ್ದ ಒಂದೇ ಪಾತ್ರೆಯನ್ನು ಬೆಂಕಿಗೂ ಕಾಲಿಗೂ ನಡುವೆ ಇಟ್ಟನು. ಇನ್ನು ಯೋಚನೆಯಲ್ಲಿ ತುಪ್ಪಕ್ಕೂ ಸಾರ್ಥವಾಹ ಪದವಿಗೂ ನಡುವಣ ಮೆಟ್ಟಿಲುಗಳೇ ಇಲ್ಲ. ಮಾರುವುದೆಲ್ಲಿ, ದರವೆಷ್ಟು, ಊಟಕ್ಕೆಷ್ಟು, ಮರುಹೂಡಿಕೆಗೆಷ್ಟು ಎಂಬ ಲೆಕ್ಕವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಷ್ಟಾದರೆ ಸಾಕು ಎಂಬ ಗೆರೆ ಎಲ್ಲಿಯೂ ಇಲ್ಲ. ಸಮಂತಭದ್ರರು ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿರುವುದು ಇಲ್ಲಿ ಗಮನಾರ್ಹ. ವಸ್ತುವಿಗಿಂತ ಮೊದಲು ಇಚ್ಛೆಗೆ ಅಳತೆ ಬೇಕು. ಲುಬ್ಧದತ್ತನ ಬಳಿ ಇದ್ದ ವಸ್ತು ಒಂದು ಪ್ರಸ್ಥ ತುಪ್ಪ. ಇಚ್ಛೆ ಷಟ್ಖಂಡ ಭೂಮಂಡಲ. ಅವನನ್ನು ಸುಟ್ಟದ್ದು ಉಳಿತಾಯವಲ್ಲ, ಅಳತೆಯಿಲ್ಲದ ಇಚ್ಛೆ.

ಹೀಗೆ ಓದಿದಾಗ ಕಥೆ ಗೃಹಸ್ಥನಿಗೆ ಉಪಕಾರಕವಾಗುತ್ತದೆ. ಆದರೂ ಇದರ ಕೊರತೆಯನ್ನು ಮರೆಮಾಚಬೇಕಿಲ್ಲ. ವ್ರತಪಾಲನೆಗೆ ಆದರ್ಶನಾದ ಜಯಕುಮಾರನು ಹಸ್ತಿನಾಪುರದ ರಾಜಪುತ್ರ. ಅವನಿಗೊಡ್ಡಿದ ಪರೀಕ್ಷೆ ಕೈಲಾಸದಲ್ಲಿ ದೇವನೊಬ್ಬನು ಮಾಯಾರೂಪದಿಂದ ಪರಸ್ತ್ರೀಯನ್ನೂ ರಾಜ್ಯವನ್ನೂ ಒಪ್ಪಿಕೊಳ್ಳೆಂದು ಒತ್ತಾಯಿಸಿದ್ದು. ಅವನ ದೃಢತೆ ಪೂಜ್ಯವೇ ಸರಿ. ಆದರೆ ಮಗಳ ಮದುವೆ, ಮಗನ ಓದು, ವೃದ್ಧಾಪ್ಯದ ಔಷಧ ಇವುಗಳಿಗೆ ಹಣ ಹೊಂದಿಸಬೇಕಾದ ಶ್ರಾವಕನಿಗೆ ಅದು ಏನು ಹೇಳುತ್ತದೆ? ಕೆಟ್ಟವನಿಗೆ ಉದಾಹರಣೆಯಾಗಿ ದೊರೆತವನು ನಿರ್ಗತಿಕ, ಒಳ್ಳೆಯವನಿಗೆ ದೊರೆತವನು ಅರಸು. ಪರಿಗ್ರಹದ ನಿಜವಾದ ಅಪಾಯವಿರುವುದು ತುಂಬಿದ ಕಣಜದ ಮನೆಯಲ್ಲಿ. ಕಥೆ ನಗುವುದು ಮಜ್ಜಿಗೆ ಬೇಡಿದವನನ್ನು. ಉಳ್ಳವರ ಸಭೆಯಲ್ಲಿ ಇದನ್ನು ಹೇಳಿದಾಗ ನಗು ತಮ್ಮ ಮೇಲೆ ತಿರುಗುವುದಿಲ್ಲವಾದ್ದರಿಂದ ಯಾರಿಗೂ ನೋವಾಗುವುದಿಲ್ಲ. ನೋವಾಗದ ಉಪದೇಶದಿಂದ ವ್ರತ ಹುಟ್ಟುವುದೂ ಇಲ್ಲ.

ಕಥೆ ಬಿಟ್ಟುದನ್ನು ಆಚಾರ್ಯರ ಅತಿಚಾರಗಳ ಪಟ್ಟಿ ತುಂಬಿಕೊಡುತ್ತದೆ. ತತ್ತ್ವಾರ್ಥಸೂತ್ರವು ಈ ವ್ರತದ ಐದು ಅತಿಚಾರಗಳನ್ನು ವಸ್ತುಗಳ ಮೇಲೆ ಎಣಿಸುತ್ತದೆ: ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ, ದಾಸಿ ದಾಸ, ಬಟ್ಟೆ ಪಾತ್ರೆ ಮೊದಲಾದುವುಗಳ ಪ್ರಮಾಣವನ್ನು ಮೀರುವುದು. ಸಮಂತಭದ್ರರು ಈ ದಾರಿಯನ್ನು ಬಿಟ್ಟು ವ್ಯವಹಾರಸ್ಥನ ನಡತೆಯನ್ನೇ ಎಣಿಸುತ್ತಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಎತ್ತುಗಳನ್ನು ಸುಖವಾಗಿ ನಡೆಯಬಲ್ಲ ದೂರಕ್ಕಿಂತ ಹೆಚ್ಚು ನಡೆಸುವುದು, ಮುಂದೆ ಲಾಭ ಬರುವುದೆಂದು ಧಾನ್ಯವನ್ನು ಮಿತಿಮೀರಿ ಸಂಗ್ರಹಿಸುವುದು, ತಾನು ಮಾರಿದ ಮೇಲೆ ಇತರರು ಹೆಚ್ಚು ಗಳಿಸಿದರೆ ವಿಷಾದಪಡುವುದು, ಒಳ್ಳೆಯ ಲಾಭ ಬಂದರೂ ಇನ್ನಷ್ಟನ್ನು ಬಯಸುವುದು, ಹೊರಲಾಗದ ಹೊರೆ ಹೇರುವುದು ಎಂದು ಟೀಕಾಕಾರರು ವಿವರಿಸುತ್ತಾರೆ. ಬೆಳ್ತಂಗಡಿಯ ಅಡಿಕೆ ಬೆಳೆಗಾರನಿಗೆ ಅತಿವಿಸ್ಮಯವೆಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂದು ಮಾರಿದ ಅಡಿಕೆಗೆ ಮುಂದಿನ ವಾರ ದರ ಏರಿದರೆ ಬಂದ ಹಣವೂ ರುಚಿಸುವುದಿಲ್ಲ. ಆ ಕಹಿಯಲ್ಲೇ ಮರುವರ್ಷ ಅಡಿಕೆಯನ್ನು ಹಿಡಿದಿಟ್ಟು, ಮನೆಖರ್ಚಿಗೆ ಸಾಲ ಎತ್ತುತ್ತಾನೆ. ಅತಿಭಾರವಹನವನ್ನು ಎತ್ತಿನ ಬೆನ್ನಿಗೆ ಮಾತ್ರ ಸೀಮಿತಗೊಳಿಸದೆ ಓದಬಹುದಾದರೆ, ಗೃಹಪ್ರವೇಶದ ವೈಭವಕ್ಕಾಗಿ ತಂದೆ ಎತ್ತಿದ ಸಾಲವನ್ನು ಹದಿನೈದು ವರ್ಷ ಹೊರುವ ಮಗನೂ ಆ ಶಬ್ದದ ಅರ್ಥವ್ಯಾಪ್ತಿಗೆ ಬರುತ್ತಾನೆ.

ನಾಳೆಯ ಯೋಚನೆ ಜೈನ ಪರಂಪರೆಗೆ ಹೊರಗಿನದೆಂಬ ಭಾವನೆಯೂ ನಿರಾಧಾರವಾದುದು. 959ರಲ್ಲಿ ಯಶಸ್ತಿಲಕವನ್ನು ರಚಿಸಿದ ಸೋಮದೇವಸೂರಿಗಳು ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯರ ಆಸ್ಥಾನದೊಡನೆ ಸಂಬಂಧವಿದ್ದವರು. ಅವರು ತಮ್ಮ ನೀತಿವಾಕ್ಯಾಮೃತದಲ್ಲಿ ಆಯವ್ಯಯಗಳಿಗೆ ಮುನಿಯ ಕಮಂಡಲುವನ್ನು ದೃಷ್ಟಾಂತವಾಗಿ ಕೊಡುತ್ತಾರೆ. ಕಮಂಡಲುವಿಗೆ ನೀರು ತುಂಬುವ ಬಾಯಿ ಅಗಲ, ಸುರಿಯುವ ಬಾಯಿ ಕಿರಿದು. ಏನನ್ನೂ ಇಟ್ಟುಕೊಳ್ಳದ ಮುನಿಯ ಕೈಯ ಉಪಕರಣದಿಂದ ಸಂಸಾರಿಗೆ ಲೆಕ್ಕದ ಪಾಠ ಹೇಳಿರುವುದು ಅತ್ಯಂತ ಔಚಿತ್ಯಪೂರ್ಣವಾಗಿದೆ. ಮುನಿಯೂ ನೀರನ್ನು ಒಮ್ಮೆಗೇ ಚೆಲ್ಲುವುದಿಲ್ಲ; ಮುಂದಿನ ಶೌಚಕ್ಕೆ ಉಳಿಸುತ್ತಾನೆ. ಆದರೆ ಎರಡನೆಯ ಕಮಂಡಲುವನ್ನು ಬಯಸುವುದಿಲ್ಲ. ಉಳಿತಾಯವೂ ಪರಿಮಾಣವೂ ಒಂದೇ ಪಾತ್ರೆಯಲ್ಲಿ ಹೇಗೆ ಸೇರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದ ವೃತ್ತಿಯಲ್ಲಿ ಉಲ್ಲೇಖಿಸುವ ವಿಭಜನೆ ಇನ್ನೂ ಸ್ಪಷ್ಟ: ಆದಾಯದ ಕಾಲುಭಾಗ ನಿಧಿಗೆ, ಕಾಲುಭಾಗ ವ್ಯಾಪಾರಕ್ಕೆ, ಕಾಲುಭಾಗ ಧರ್ಮಕ್ಕೂ ಉಪಭೋಗಕ್ಕೂ, ಕಾಲುಭಾಗ ಅವಲಂಬಿತರ ಪೋಷಣೆಗೆ. ಇಂದಿನ ಸಂಬಳದಾರನಿಗೆ ಈ ಪ್ರಮಾಣ ಹೊಂದದೇ ಇರಬಹುದು. ಆದರೆ ಖರ್ಚಿಗೆ ಮುಂಚೆ ನಿಧಿಯನ್ನು ಹೆಸರಿಸಿರುವ ಕ್ರಮ ಇಂದಿಗೂ ಹಳತಾಗಿಲ್ಲ.

ಶಾಸ್ತ್ರದ ಈ ಮಾತುಗಳಿಗೆ ನಡೆಯುವ ಟೀಕೆಯೊಂದನ್ನು ನೋಡಬೇಕಾದರೆ ಧರ್ಮಸ್ಥಳದ ಸುತ್ತಲಿನ ಗ್ರಾಮಗಳಿಗೆ ಬರಬೇಕು. ರತ್ನಗಿರಿಯ ಮೇಲೆ 39 ಅಡಿಯ ಬಾಹುಬಲಿ ಗೆದ್ದ ರಾಜ್ಯವನ್ನೇ ಬಿಟ್ಟು ನಿಂತಿದ್ದಾನೆ. ಆ ಮೂರ್ತಿಗೆ ಪ್ರತಿಷ್ಠಾಪನೆಯಾದ 1982ರಲ್ಲೇ, ಕ್ಷೇತ್ರದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾಯಿತು. ಅದೇ ವರ್ಷ ಉಜಿರೆಯಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಿಂದ ನಿರುದ್ಯೋಗಿ ಯುವಕರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಎಲ್ಲವನ್ನೂ ತೊರೆದವನ ಪಾದದ ಕೆಳಗೆ ಏನೂ ಇಲ್ಲದವನಿಗೆ ಗಳಿಸಲು ಕಲಿಸುವ ಕಾರ್ಯ ನಡೆದುದರಲ್ಲಿ ವಿರೋಧವಿಲ್ಲ. ಬಿಡಬೇಕಾದರೆ ಮೊದಲು ಇರಬೇಕು. 1991ರಿಂದ ರೂಪುಗೊಂಡ ಪ್ರಗತಿಬಂಧು ತಂಡಗಳು ಸಣ್ಣ ಹಿಡುವಳಿದಾರರನ್ನು ಒಟ್ಟುಗೂಡಿಸಿ, ಹಳೆಯ ಮುಯ್ಯಾಳಿನಂತೆ ಸರದಿಯಲ್ಲಿ ಒಬ್ಬೊಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುವ, ವಾರವಾರ ಅಲ್ಪ ಮೊತ್ತವನ್ನು ಉಳಿಸುವ ಪದ್ಧತಿಯನ್ನು ತಂದವು. ಅದಕ್ಕೂ ಮುನ್ನ, 1972ರಲ್ಲಿ ಆರಂಭವಾದ ಸಾಮೂಹಿಕ ವಿವಾಹವು ಮದುವೆಗಾಗಿ ಸಾಲಮಾಡುವ ಬಡ ಕುಟುಂಬಕ್ಕೆ ಆ ಹೊರೆಯನ್ನೇ ತಪ್ಪಿಸಿತ್ತು.

ಕರಾವಳಿಗೆ ಈ ಕಿರು ಉಳಿತಾಯ ಹೊಸತೇನಲ್ಲ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡ ಸಂಸ್ಥೆಯು 1928ರಲ್ಲೇ ಪಿಗ್ಮಿ ಠೇವಣಿಯನ್ನು ತಂದು ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿತು. ಎರಡಾಣೆಯೆಂದರೆ ಮೀಸೆಯ ಬೆಣ್ಣೆಯೇ. ವ್ಯತ್ಯಾಸವಿಷ್ಟೆ: ಇಲ್ಲಿ ತುಪ್ಪದ ಪಾತ್ರೆ ಒಬ್ಬನ ಕಾಲದೆಸೆಯಲ್ಲಿಲ್ಲ. ಅದು ಪುಸ್ತಕದಲ್ಲಿ ಬರೆಯಲ್ಪಟ್ಟಿದೆ, ಇನ್ನೊಬ್ಬರ ಕಣ್ಣಮುಂದಿದೆ. ಲುಬ್ಧದತ್ತನಿಗೆ ಒಂದು ಲೆಕ್ಕದ ಪುಸ್ತಕವೂ ನಾಲ್ವರು ಸಂಗಾತಿಗಳೂ ಇದ್ದಿದ್ದರೆ ಚಕ್ರವರ್ತಿಯ ಕನಸನ್ನು ಅವರೇ ನಕ್ಕು ಇಳಿಸುತ್ತಿದ್ದರು, ಪಾತ್ರೆಯನ್ನು ಬೆಂಕಿಯಿಂದ ದೂರ ಸರಿಸುತ್ತಿದ್ದರು.

ಆದರೂ ವಿಮರ್ಶೆ ಇಲ್ಲಿಗೆ ನಿಲ್ಲಬಾರದು. ಎಲ್ಲ ಕಿರು ಉಳಿತಾಯದ ವ್ಯವಸ್ಥೆಗಳಲ್ಲೂ ಉಳಿತಾಯದ ಪುಟಕ್ಕೆ ಎದುರಾಗಿ ಸಾಲದ ಪುಟವಿರುತ್ತದೆ. ಉಳಿಸಲು ಕಲಿಯುವುದು ನಿಧಾನ, ಸಾಲ ಪಡೆಯಲು ಕಲಿಯುವುದು ಶೀಘ್ರ. ಒಂದು ಸಾಲ ತೀರಿಸಲು ಇನ್ನೊಂದನ್ನು ಎತ್ತುವ ಮನೆಗಳು ಹೆಚ್ಚಿ, ರಾಜ್ಯದ ಹಲವೆಡೆ ಕಿರುಸಾಲ ವಸೂಲಿಯ ಕಿರುಕುಳದ ದೂರುಗಳು ಎದ್ದ ಮೇಲೆ, ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕೊಡುವವನ ಪಾಲಿಗೆ ಇದು ಅತಿಭಾರವಹನ; ಹೊರಲಾಗದವನ ಬೆನ್ನಿನ ಮೇಲೆ ಹೊರೆ ಹೇರುವುದು. ಪಡೆಯುವವನ ಪಾಲಿಗೆ ಇಚ್ಛಾಪರಿಮಾಣದ ಲೋಪ. ಹಸು ಕೊಳ್ಳಲು ಎತ್ತಿದ ಸಾಲ ಹಾಲಿನಿಂದ ತೀರುತ್ತದೆ. ನಾಲ್ಕು ಜನ ಮೆಚ್ಚಲೆಂದು ಎತ್ತಿದ ಸಾಲವನ್ನು ತೀರಿಸಲು ಯಾವ ಕೊಟ್ಟಿಗೆಯಲ್ಲೂ ಹಸುವಿಲ್ಲ. ಯಾವ ಯೋಜನೆಯಾದರೂ ಎಷ್ಟು ಸಾಲ ಹಂಚಿತು ಎಂಬುದರಿಂದ ಅಳೆಯಲ್ಪಡದೆ, ಸಾಲ ತೀರಿದ ಮೇಲೆ ಮನೆಯಲ್ಲಿ ಏನು ಉಳಿಯಿತು ಎಂಬುದರಿಂದ ಅಳೆಯಲ್ಪಡಬೇಕು.

ಜೈನ ಕುಟುಂಬಗಳು ಈ ಪ್ರಶ್ನೆಯನ್ನು ಪಕ್ಕದ ಮನೆಯದೆಂದು ಭಾವಿಸಬಾರದು. ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸುವವನು ತನ್ನಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿದಿರಬೇಕು. ಎಣಿಸದೆ ಇದ್ದುದಕ್ಕೆ ಮಿತಿ ಹಾಕಲಾಗದು. ಜಮೀನು, ಮನೆ, ಬಂಗಾರ, ಠೇವಣಿ, ವಿಮೆ, ಕೊಡಬೇಕಾದ ಸಾಲ, ಬರಬೇಕಾದ ಹಣ ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದು ಎಲ್ಲಿದೆಯೆಂದು ಹೆಂಡತಿ ಮಕ್ಕಳಿಗೆ ತಿಳಿಸಿರುವ ಯಜಮಾನರು ಎಷ್ಟು ಜನ? ಯಜಮಾನನು ಕಣ್ಮುಚ್ಚಿದ ಮೇಲೆ ಕಾಗದಪತ್ರಗಳಿಗಾಗಿ ಕಪಾಟು ಹುಡುಕುವ, ತಿಳಿಯದ ಸಾಲಕ್ಕೆ ಉತ್ತರ ಹೇಳಬೇಕಾಗುವ ವಿಧವೆಯ ಕಷ್ಟ ಊರೂರಿನಲ್ಲಿ ಕಂಡದ್ದೇ. ವ್ರತದ ದಿನ ಈ ಪಟ್ಟಿಯನ್ನು ಮನೆಮಂದಿಯ ಎದುರು ಬರೆಯುವ ಸಂಪ್ರದಾಯವೊಂದು ಬೆಳೆದರೆ ಧರ್ಮವೂ ವ್ಯವಹಾರವೂ ಏಕಕಾಲಕ್ಕೆ ನೆರವೇರುತ್ತವೆ. ಇಷ್ಟಕ್ಕಿಂತ ಹೆಚ್ಚಾದುದು ದಾನಕ್ಕೆ ಎಂದು ಅದೇ ಪುಟದಲ್ಲಿ ಗೆರೆ ಎಳೆದಾಗ ಪರಿಮಾಣವು ಬರಿಯ ಮಾತಾಗಿ ಉಳಿಯುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದು ಅನ್ವಯಿಸುತ್ತದೆ. 1430ರಲ್ಲಿ ನಿರ್ಮಾಣವಾದ ಮೂಡಬಿದಿರೆಯ ಸಾವಿರ ಕಂಬದ ಬಸದಿ ಇಂದಿಗೂ ನಿಂತಿದೆ. ಅಷ್ಟು ಕಾಲ ನಿಲ್ಲುವ ಕಟ್ಟಡಕ್ಕೆ ಕಟ್ಟುವ ಉತ್ಸಾಹದ ಜೊತೆಗೆ ತಲೆಮಾರುಗಳ ಪಾಲನೆಯೂ ಬೇಕು. ನಿತ್ಯಪೂಜೆ, ಅರ್ಚಕರ ಸಂಭಾವನೆ, ಮಳೆಗಾಲದ ಮಾಡಿನ ರಿಪೇರಿ ಇವುಗಳಿಗೆ ಮೂಲನಿಧಿ ಇಡದೆ ಪಂಚಕಲ್ಯಾಣಕ್ಕೆ ಸಾಲಮಾಡುವ ಮಂಡಳಿಯು ಬಾಗಿಲಲ್ಲಿ ಬೆಂಕಿ ಹಾಕಿ ಪಾತ್ರೆಯನ್ನು ಕಾಲದೆಸೆಯಲ್ಲಿಟ್ಟಂತೆಯೇ ಸರಿ. ಮಹೋತ್ಸವದ ಕರೆಯೋಲೆಯೊಡನೆ ವರ್ಷದ ಜಮಾಖರ್ಚನ್ನೂ ಶ್ರಾವಕರ ಕೈಗಿಡುವ ಮಂಡಳಿಗೆ ದಾನಿಗಳ ಕೊರತೆಯಾಗಲಾರದು.

ಶ್ಮಶ್ರುನವನೀತನ ಕಥೆಯನ್ನು ಕೈಬಿಡಬೇಕಾಗಿಲ್ಲ. ಅದನ್ನು ಹೇಳುವಾಗ ಬೆಣ್ಣೆ ಕೂಡಿಸಿದ್ದಕ್ಕೆ ನಗದೆ, ಗೆರೆ ಎಳೆಯದೆ ಮಲಗಿದುದಕ್ಕೆ ಮರುಗಿದರೆ ಸಾಕು. ಬಳಿಕ ಅವನ ಪಕ್ಕದಲ್ಲಿ ಮುನಿಯ ಕಮಂಡಲುವನ್ನೂ ಇರಿಸಿ ತೋರಿಸಿದರೆ, ತುಂಬುವ ಬಾಯಿ ಯಾವುದು, ಸುರಿಯುವ ಬಾಯಿ ಯಾವುದು ಎಂಬುದನ್ನು ಮಕ್ಕಳೂ ತಾವಾಗಿಯೇ ಗುರುತಿಸುವರು.