ಬ್ರದರ್ ಲಾರೆನ್ಸರ ಅಡುಗೆಮನೆ: ಭರವಸೆಯ ಪಾಠ, ವಿಧೇಯತೆಯ ಅರ್ಧ ಪಾಠ

ಪ್ಯಾರಿಸ್ಸಿನ ಕಾರ್ಮೆಲ್ ಮಠವೊಂದರಲ್ಲಿ ಅಡುಗೆಯವರಾಗಿದ್ದ ಬ್ರದರ್ ಲಾರೆನ್ಸ್ ಪುಸ್ತಕ ಬರೆಯಲು ಕೂತವರಲ್ಲ. 1691ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಅವರ ಪತ್ರಗಳನ್ನೂ ಬಿಡಿ ಬರಹಗಳನ್ನೂ ಕಲೆಹಾಕಿದರು. ತಾವು ಅವರೊಡನೆ ನಡೆಸಿದ್ದ ಮಾತುಕತೆಯ ಸಾರವನ್ನು ಅದಕ್ಕೆ ಸೇರಿಸಿ 1692 ಮತ್ತು 1694ರಲ್ಲಿ ಅಚ್ಚು ಹಾಕಿಸಿದರು. ‘ದಿ ಪ್ರಾಕ್ಟೀಸ್ ಆಫ್ ದ ಪ್ರೆಸೆನ್ಸ್ ಆಫ್ ಗಾಡ್’ ಎಂಬ ಹೆಸರಿನಲ್ಲಿ ಇಂದು ಲೋಕವೆಲ್ಲ ಓದುವ ಕಿರುಪುಸ್ತಕ ಹುಟ್ಟಿದ್ದು ಹೀಗೆ. ಕಥೋಲಿಕ ಮಠದಿಂದ ಬಂದ ಈ ಮಾತುಗಳು ಪ್ರೊಟೆಸ್ಟೆಂಟರಿಗೂ ಬೇಕಾದವು. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ತಮ್ಮ ‘ಕ್ರಿಶ್ಚಿಯನ್ ಲೈಬ್ರರಿ’ ಮಾಲೆಯಲ್ಲಿ ಇವುಗಳಿಗೆ ಜಾಗ ಕೊಟ್ಟರು. ಲಾರೆನ್ಸರ ಪರಂಪರೆ ನಮಗೂ ದೂರದ್ದಲ್ಲ. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರವನ್ನು ನೋಡಿಕೊಳ್ಳುತ್ತಿರುವವರು ಇದೇ ಕಾರ್ಮೆಲ್ ಸಭೆಯ ಗುರುಗಳು.

ದಿನದಿನದ ಬದುಕಿನಲ್ಲಿ ದೇವರ ಮೇಲೆ ಭರವಸೆಯಿಟ್ಟು, ಆತನಿಗೆ ವಿಧೇಯರಾಗಿ ನಡೆಯುವುದು ಹೇಗೆ ಎಂದು ಕೇಳುವ ಕ್ರೈಸ್ತರ ಕೈಗೆ ಹಿರಿಯರು ಮೊದಲು ಕೊಡುವ ಪುಸ್ತಕಗಳಲ್ಲಿ ಇದೂ ಒಂದು. ಕೊಡುವುದು ಸರಿಯೇ. ಭರವಸೆಯ ವಿಷಯದಲ್ಲಿ ಇದಕ್ಕೆ ಸಾಟಿಯಾದ ಪುಸ್ತಕಗಳು ಕಡಿಮೆ. ವಿಧೇಯತೆಯ ವಿಷಯದಲ್ಲಿ ಮಾತ್ರ ಇದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಆ ಅರ್ಧವನ್ನೇ ಪೂರ್ತಿ ಎಂದುಕೊಂಡರೆ ಓದುಗರಿಗೂ ಅವರ ನೆರೆಯವರಿಗೂ ನಷ್ಟ.

ಲಾರೆನ್ಸರ ಹುಟ್ಟುಹೆಸರು ನಿಕೋಲಾ ಹರ್ಮನ್. ಊರು ಲೊರೇನ್ ಪ್ರಾಂತ್ಯದಲ್ಲಿ. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಗಾಯಗೊಂಡು ಕಾಲು ಊನವಾಯಿತು. ಸ್ವಲ್ಪ ಕಾಲ ದೊಡ್ಡವರೊಬ್ಬರ ಮನೆಯಲ್ಲಿ ಆಳಾಗಿದ್ದು, 1640ರಲ್ಲಿ ಮಠ ಸೇರಿದರು. ಗುರುದೀಕ್ಷೆಯಿಲ್ಲದ ಸಹೋದರರಾಗಿಯೇ ಕೊನೆಯವರೆಗೂ ಉಳಿದರು. ಮಠ ಅವರಿಗೆ ವಹಿಸಿದ್ದು ಅಡುಗೆ ಕೆಲಸ. ಆ ಕೆಲಸ ಅವರಿಗೆ ಸ್ವಭಾವತಃ ಒಗ್ಗದು. ಆದರೂ ಹದಿನೈದು ವರ್ಷ ಅಲ್ಲೇ ದುಡಿದರು. ಒಗ್ಗದ ಕೆಲಸದಲ್ಲಿ ದೇವರನ್ನು ಕಂಡುಕೊಂಡವರ ಮಾತು ಇದು ಎನ್ನುವುದು ಪುಸ್ತಕದ ಮೊದಲ ಬಲ.

ಬಾಣಲೆಯಲ್ಲಿ ಆಮ್ಲೆಟ್ ಮಗುಚಿ ಹಾಕುವುದೂ ಅವರಿಗೆ ದೇವರ ಪ್ರೀತಿಗಾಗಿ ಮಾಡುವ ಕೆಲಸ. ನೆಲದ ಮೇಲೆ ಬಿದ್ದ ಹುಲ್ಲುಕಡ್ಡಿ ಎತ್ತುವುದೂ ಹಾಗೆಯೇ. ನಾಲ್ಕು ಜನ ನಾಲ್ಕು ಕಡೆಯಿಂದ ಅದು ಬೇಕು ಇದು ಬೇಕು ಎಂದು ಕೂಗುತ್ತಿರುವ ಅಡುಗೆಮನೆಯಲ್ಲಿ, ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗ ಇರುವಷ್ಟೇ ಸಮಾಧಾನದಿಂದ ತಾವು ಇರುವುದಾಗಿ ಅವರು ಹೇಳಿದ್ದಾರೆ. ಕೆಲಸದ ಹೊತ್ತು ಬೇರೆ, ಪ್ರಾರ್ಥನೆಯ ಹೊತ್ತು ಬೇರೆ ಎಂಬ ಗೋಡೆಯನ್ನು ಅವರು ಒಪ್ಪಲಿಲ್ಲ. ಮುಂಜಾನೆ ಐದಕ್ಕೆದ್ದು ಮಕ್ಕಳ ಡಬ್ಬಿ ಕಟ್ಟುವ ತಾಯಿಗೂ, ರಾತ್ರಿ ಪಾಳಿಯ ನರ್ಸಿಗೂ, ‘ನನಗೆ ಪ್ರಾರ್ಥನೆಗೆ ಹೊತ್ತೇ ಸಿಗುವುದಿಲ್ಲ’ ಎಂದು ನೊಂದುಕೊಳ್ಳುವ ಎಷ್ಟೋ ವಿಶ್ವಾಸಿಗಳಿಗೂ ಇದರಿಂದ ಸಿಗುವ ಬಿಡುಗಡೆ ಸಣ್ಣದಲ್ಲ.

ಇಷ್ಟು ಮಾತ್ರ ಓದಿದರೆ ಲಾರೆನ್ಸ್ ಹುಟ್ಟಿನಿಂದಲೇ ನಿಶ್ಚಿಂತ ಮನುಷ್ಯರೆಂದು ತೋರಬಹುದು. ಎರಡನೆಯ ಸಂಭಾಷಣೆ ಆ ಭ್ರಮೆಯನ್ನು ಕಳೆಯುತ್ತದೆ. ತಾನು ನರಕಕ್ಕೆ ಹೋಗುವವನೇ ಎಂಬ ನಂಬಿಕೆ ಅವರನ್ನು ನಾಲ್ಕು ವರ್ಷ ಕಾಡಿತು. ಲೋಕದವರೆಲ್ಲ ಬಂದು ಹೇಳಿದರೂ ಆ ಭಯವನ್ನು ಬಿಡಿಸಲಾಗುತ್ತಿರಲಿಲ್ಲ. ಕೊನೆಗೆ ಅವರು ಮಾಡಿಕೊಂಡ ತೀರ್ಮಾನ ಇಷ್ಟು: ಮಠಕ್ಕೆ ಬಂದದ್ದು ದೇವರ ಮೇಲಿನ ಪ್ರೀತಿಗಾಗಿ, ನನ್ನ ಗತಿ ಏನಾದರೂ ಆಗಲಿ, ಸಾಯುವವರೆಗೂ ಆ ಪ್ರೀತಿಗಾಗಿಯೇ ನಡೆಯುತ್ತೇನೆ. ರಕ್ಷಣೆಯ ಭರವಸೆ ಮನಸ್ಸಿಗೆ ಸಿಗದಿದ್ದ ಹೊತ್ತಿನಲ್ಲೂ ಅವರು ಅಂದಂದಿನ ಕೆಲಸವನ್ನು ದೇವರಿಗೆಂದೇ ಮಾಡಿದರು. ಇಡೀ ಪುಸ್ತಕದಲ್ಲಿ ಇದಕ್ಕಿಂತ ಬೆಲೆಬಾಳುವ ಜಾಗ ಇನ್ನೊಂದಿಲ್ಲ. ಭರವಸೆ ಎಂದರೆ ಮನಸ್ಸು ತಣ್ಣಗಿರುವುದು ಎಂದು ನಾವು ತಿಳಿದಿದ್ದೇವೆ. ಮನಸ್ಸು ಉರಿಯುತ್ತಿರುವಾಗಲೂ ಇಡಬಹುದಾದ ಹೆಜ್ಜೆಯೇ ಭರವಸೆ ಎಂದು ಲಾರೆನ್ಸರ ಬದುಕು ಹೇಳುತ್ತದೆ.

ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಅವರನ್ನು ಬರ್ಗಂಡಿಗೆ ಕಳಿಸಿದ ಪ್ರಸಂಗವೂ ಇದಕ್ಕೆ ಹೊಂದುತ್ತದೆ. ವ್ಯಾಪಾರ ತಿಳಿಯದು, ಕಾಲು ಊನ. ದೋಣಿಯೊಳಗೆ ಓಡಾಡಬೇಕಾದರೆ ಪೀಪಾಯಿಗಳ ಮೇಲೆ ಮೈ ಉರುಳಿಸಿಕೊಂಡೇ ಸಾಗಬೇಕು. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿ ಹೊರಟರು, ಕೆಲಸ ಚೆನ್ನಾಗಿಯೇ ಆಯಿತು ಎನ್ನುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಕೆಲಸ ಕೈಗೂಡಿದ್ದನ್ನಲ್ಲ. ಊನವಾದ ಕಾಲಿನಲ್ಲೇ ದೋಣಿ ಹತ್ತಿದ್ದನ್ನು. ತಪ್ಪಿದಾಗಲೂ ಅವರ ನಡೆ ಹೀಗೇ ಸರಳ. ನೀನು ಕೈಬಿಟ್ಟರೆ ನಾನು ಮಾಡುವುದು ಇದನ್ನೇ ಎಂದು ದೇವರ ಮುಂದೆ ಒಪ್ಪಿಕೊಂಡು, ಅದನ್ನೇ ಮೆಲುಕು ಹಾಕುತ್ತ ಕೂರದೆ ಮುಂದಿನ ಕೆಲಸಕ್ಕೆ ಏಳುವುದು. ಪಾಪಪ್ರಜ್ಞೆಯಲ್ಲೇ ವರ್ಷಗಟ್ಟಲೆ ಸವೆಯುವವರಿಗೆ ಇದು ಮದ್ದು.

ನಮ್ಮ ಸಭೆಗಳ ಒಂದು ರೂಢಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಅನೇಕ ಕಡೆ ವಾಗ್ದಾನದ ಕಾರ್ಡುಗಳನ್ನು ಕೊಡುತ್ತಾರೆ. ಒಬ್ಬೊಬ್ಬರೂ ಒಂದೊಂದನ್ನು ತೆಗೆದುಕೊಂಡು, ಅದರಲ್ಲಿರುವ ವಚನವನ್ನು ಆ ವರ್ಷಕ್ಕೆ ದೇವರು ತಮಗೆ ಕೊಟ್ಟ ಮಾತೆಂದು ಬೈಬಲ್ಲಿನೊಳಗೆ ಜೋಪಾನ ಮಾಡುತ್ತಾರೆ. ಆ ಕಾರ್ಡು ಕಷ್ಟದಲ್ಲಿ ಕೈಹಿಡಿದ ಮನೆಗಳು ಎಷ್ಟೋ ಇವೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ಕಾರ್ಡುಗಳ ಮೇಲೆ ಬರುವುದು ಹೆಚ್ಚಾಗಿ ಆಶೀರ್ವಾದ, ಕಾಪಾಡುವಿಕೆ, ಏಳಿಗೆ. ವೈರಿಯನ್ನು ಪ್ರೀತಿಸು, ಎರಡು ಅಂಗಿಯಿದ್ದರೆ ಒಂದನ್ನು ಕೊಡು ಎಂಬ ಆಜ್ಞೆಗಳು ಅಪರೂಪ. ದೇವರು ನನಗೆ ಏನು ಮಾಡುತ್ತಾನೆ ಎಂಬಲ್ಲಿಗೇ ನಮ್ಮ ಭರವಸೆ ನಿಂತುಬಿಡುವ ಅಪಾಯ ಇಲ್ಲಿದೆ. ತಾನು ಪಡೆಯುವುದರ ಲೆಕ್ಕವನ್ನೇ ಬಿಟ್ಟ ಲಾರೆನ್ಸ್ ಈ ಅಪಾಯದಿಂದ ನಮ್ಮನ್ನು ಎಚ್ಚರಿಸಬಲ್ಲರು.

ಇನ್ನು ಪುಸ್ತಕದ ಕೊರತೆ. ಕಾಯಿಲೆಯಿಂದ ನರಳುತ್ತಿದ್ದವರಿಗೆ ಬರೆದ ಪತ್ರಗಳಲ್ಲಿ ಲಾರೆನ್ಸ್, ನೋವು ದೇವರ ಕೈಯಿಂದ ಬಂದದ್ದೆಂದು ಪ್ರೀತಿಯಿಂದ ತೆಗೆದುಕೊಳ್ಳಿ, ಬಿಡುಗಡೆ ಕೇಳುವುದಕ್ಕಿಂತ ತಾಳುವ ಬಲ ಕೇಳಿ, ವೈದ್ಯರ ಮೇಲಿನ ನೆಚ್ಚಿಕೆ ಕಡಿಮೆ ಮಾಡಿ ಎಂಬ ಧಾಟಿಯಲ್ಲಿ ಸಲಹೆ ಕೊಡುತ್ತಾರೆ. ಸ್ವತಃ ನೋವುಂಡವರ ಮಾತಾದ್ದರಿಂದ ಅದಕ್ಕೊಂದು ಗೌರವವಿದೆ. ಆದರೆ ಅದನ್ನು ಇನ್ನೊಬ್ಬರ ನೋವಿಗೆ ನಿಯಮವನ್ನಾಗಿ ಮಾಡುವುದನ್ನು ನಾನು ಒಪ್ಪಲಾರೆ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೊದಲು ಕೇಳಿದ್ದು ಆ ಪಾತ್ರೆ ತನ್ನಿಂದ ತೊಲಗಲಿ ಎಂದೇ. ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡದ್ದೂ ಅದೇ ಪ್ರಾರ್ಥನೆಯಲ್ಲಿ. ಬಳಿಗೆ ಬಂದ ರೋಗಿಗಳನ್ನು ಆತನು ತಾಳಿಕೊಳ್ಳಿರೆಂದು ಕಳಿಸಲಿಲ್ಲ, ಗುಣಪಡಿಸಿದನು. ಬಿಡುಗಡೆ ಬೇಡುವುದು ಅಪನಂಬಿಕೆಯಲ್ಲ. ಗಂಡನ ಏಟು ತಿನ್ನುತ್ತಿರುವ ಹೆಣ್ಣಿಗೆ ‘ದೇವರು ಇಟ್ಟ ಹಾಗೆ ಇರು’ ಎಂದು ಬುದ್ಧಿ ಹೇಳುವವರ ಕೈಗೆ ಈ ಪತ್ರಗಳು ಸಿಕ್ಕರೆ ಆಗುವ ಕೇಡನ್ನು ಊಹಿಸುವುದು ಕಷ್ಟವಲ್ಲ.

ಇನ್ನೊಂದು ಪತ್ರ ಸಿಪಾಯಿಯೊಬ್ಬನ ಬಗ್ಗೆ. ಮನಸ್ಸನ್ನು ಒಂದಿಷ್ಟು ದೇವರ ಕಡೆ ಎತ್ತಿದರೆ ಸಾಕು, ಕತ್ತಿ ಹಿಡಿದು ದಂಡಿನೊಡನೆ ನಡೆಯುವಾಗಲೂ ಅದು ಆಗುತ್ತದೆ ಎನ್ನುತ್ತಾರೆ ಲಾರೆನ್ಸ್. ಆ ಕತ್ತಿ ಯಾರ ಮೇಲೆ ಬೀಳುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಕೆಲಸವನ್ನು ದೇವರಿಗಾಗಿ ಮಾಡುವುದನ್ನು ಈ ಪುಸ್ತಕ ಕಲಿಸುತ್ತದೆ. ದೇವರು ಒಪ್ಪದ ಕೆಲಸವನ್ನು ಗುರುತಿಸುವುದನ್ನು, ಅದಕ್ಕೆ ಇಲ್ಲ ಎನ್ನುವುದನ್ನು ಕಲಿಸುವುದಿಲ್ಲ. ಇದಕ್ಕೆ ಕಾರಣವೂ ಇದೆ. ಮಠದಲ್ಲಿ ಯಾವ ಕೆಲಸ ಮಾಡಬೇಕೆಂದು ಹೇಳುವವರು ಮೇಲಧಿಕಾರಿಗಳು. ಸಹೋದರನ ಪಾಲಿಗೆ ಉಳಿಯುವುದು ಅದನ್ನು ಯಾವ ಮನಸ್ಸಿನಿಂದ ಮಾಡಬೇಕೆಂಬುದಷ್ಟೆ. ಮಠದ ಹೊರಗಿನ ನಮಗೆ ಆ ಸೌಲಭ್ಯವಿಲ್ಲ. ಸುಳ್ಳು ಬಿಲ್ಲಿಗೆ ಸಹಿ ಹಾಕು ಎಂದು ಮೇಲಿನವರು ಹೇಳಿದಾಗ, ಸಹಿ ಹಾಕುವ ಕ್ಷಣದಲ್ಲಿ ದೇವರನ್ನು ನೆನೆಯುವುದು ವಿಧೇಯತೆಯಲ್ಲ. ಪೆನ್ನು ಕೆಳಗಿಡುವುದು ವಿಧೇಯತೆ.

ಈ ಕೊರತೆಯನ್ನು ತುಂಬಬಲ್ಲ ಪುಸ್ತಕ 1937ರಲ್ಲಿ ಜರ್ಮನಿಯಲ್ಲಿ ಬಂತು. ಡೀಟ್ರಿಚ್ ಬಾನ್‌ಹಾಫರ್ ಅವರ ಆ ಕೃತಿಯನ್ನು ಇಂಗ್ಲಿಷ್ ಓದುಗರು ‘ದಿ ಕಾಸ್ಟ್ ಆಫ್ ಡಿಸೈಪಲ್‌ಶಿಪ್’ ಎಂದು ಬಲ್ಲರು. ಬೆಟ್ಟದ ಮೇಲಿನ ಪ್ರಸಂಗವನ್ನು ನಿಜವಾಗಿ ಪಾಲಿಸಬೇಕಾದ ಆಜ್ಞೆಯೆಂದೇ ಅವರು ಓದಿದರು. ನಂಬಿಕೆಯನ್ನೂ ವಿಧೇಯತೆಯನ್ನೂ ಬೇರೆ ಮಾಡಲು ಬರುವುದಿಲ್ಲವೆಂದು ವಾದಿಸಿದರು. ಹಿಟ್ಲರನ ಆಡಳಿತವನ್ನು ಎದುರಿಸಿದ ಅವರನ್ನು 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ನೆರೆಯವನಿಗೆ ಆಗುತ್ತಿರುವ ಅನ್ಯಾಯ ಅವರ ವಿಧೇಯತೆಯ ಒಳಗಿನ ಪ್ರಶ್ನೆಯಾಗಿತ್ತು. ಲಾರೆನ್ಸರ ಪುಟಗಳಲ್ಲಿ ದೇವರಿದ್ದಾನೆ, ಆತ್ಮವಿದೆ. ನೆರೆಯವನು ಬಹಳ ಮಟ್ಟಿಗೆ ಅಡುಗೆಮನೆಯ ಗದ್ದಲವಾಗಿಯೇ ಉಳಿಯುತ್ತಾನೆ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವಾದರೋ, ಹಸಿದು ಬಂದವನಿಗೆ ಉಣಬಡಿಸಿದೆಯಾ ಎಂದೇ ಕೇಳುತ್ತದೆ.

ಹಾಗಾಗಿ ನನ್ನ ತೀರ್ಪು ಇದು. ಭಯ, ಬೇಸರ, ಸೋಲುಗಳ ನಡುವೆ ದೇವರನ್ನು ನಂಬಿ ಇಂದಿನ ಕೆಲಸ ಮಾಡುವುದನ್ನು ಲಾರೆನ್ಸರಿಂದ ಕಲಿಯಬೇಕು. ನಾಲ್ಕು ವರ್ಷದ ಆ ಕತ್ತಲೆಯ ಕಥೆಯನ್ನು ಪ್ರತಿಯೊಬ್ಬ ಯುವ ವಿಶ್ವಾಸಿಗೂ ಹೇಳಬೇಕು. ನೋವಿನ ಪತ್ರಗಳನ್ನು ಮಾತ್ರ ಗೆತ್ಸೆಮನೆಯ ಪ್ರಾರ್ಥನೆಯ ಜೊತೆಗಿಟ್ಟು ಓದಬೇಕು. ಈ ಕೆಲಸವನ್ನು ದೇವರಿಗಾಗಿ ಮಾಡುತ್ತಿದ್ದೇನೆಯೇ ಎಂಬ ಅವರ ಪ್ರಶ್ನೆಗೆ, ಈ ಕೆಲಸದಿಂದ ಯಾರಿಗೆ ಒಳಿತು, ಯಾರಿಗೆ ಕೇಡು ಎಂಬ ಇನ್ನೊಂದು ಪ್ರಶ್ನೆಯನ್ನು ನಾವು ದಿನವೂ ಸೇರಿಸಿಕೊಳ್ಳಬೇಕು. ಎರಡನ್ನೂ ಕೇಳಿಕೊಂಡು ನಡೆಯುವವರಿಗೆ ಈ ಪುಟ್ಟ ಪುಸ್ತಕ ಬದುಕಿನುದ್ದಕ್ಕೂ ಒಳ್ಳೆಯ ಜೊತೆಗಾರನಾಗುತ್ತದೆ.