ಕರ್ತವ್ಯದ ಬಣ್ಣ

ಗೋಲಿಬಾರ್ ಎಂಬ ಪದಕ್ಕೆ ಕರ್ತೃ ಬೇಕಾಗುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಯಲವಿಗಿಯ ನಮಗೆ ಅದು ‘ಹಾವೇರಿ ಗೋಲಿಬಾರ್’. ಗೋಲಿಬಾರ್ ‘ಆಯಿತು’ ಎನ್ನುತ್ತೇವೆ, ಮಳೆ ಆಯಿತು ಎಂದ ಹಾಗೆ.

ಕಾನೂನಿನ ಭಾಷೆಯೂ ಹೀಗೇ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೆಯ ಕಲಂ ಪ್ರಕಾರ, ಕರ್ತವ್ಯದ ಬಣ್ಣದಡಿ ಅಥವಾ ಕರ್ತವ್ಯ ಮೀರಿ ಎಸಗಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ಮೊಕದ್ದಮೆಯಾಗಲಿ ದಾವೆಯಾಗಲಿ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ಇಂಗ್ಲಿಷ್ ಮೂಲದಲ್ಲಿರುವುದೂ ಬಣ್ಣವೇ. ಬೇರೆ ಪದ ಹುಡುಕುವುದು ನನಗಿಷ್ಟವಿಲ್ಲ. ನಮ್ಮ ಕಡೆ ದೊಡ್ಡಾಟದವರು ಬಣ್ಣ ಹಚ್ಚಿಕೊಂಡರೆ ರಾಜರು, ಬೆಳಗಾದರೆ ಮುಖ ತೊಳೆದು ಹೊಲಕ್ಕೆ ಹೋಗುವವರು. ಬಣ್ಣವೇ ಮುಖವಲ್ಲವೆಂದು ಕುಣಿಯುವವರಿಗೂ ನೋಡುವವರಿಗೂ ಗೊತ್ತು. ಕಾಯ್ದೆ ಬರೆದವರಿಗೂ ಗೊತ್ತಿದ್ದಿರಬೇಕು. ಇಲ್ಲದಿದ್ದರೆ ‘ಕರ್ತವ್ಯ’ ಎಂದಷ್ಟೇ ಬರೆದು ಸುಮ್ಮನಾಗುತ್ತಿದ್ದರು.

2020ರ ಜೂನ್ 18ರಂದು, ಡಿ. ದೇವರಾಜ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಈ ಕಲಮನ್ನು ವಿವರವಾಗಿ ಓದಿತು. ಬೆಂಗಳೂರಿನ ಅಧಿಕಾರಿಯೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆಯ ಆರೋಪವಿತ್ತು. ಪೂರ್ವಾನುಮತಿ ಇರಲಿಲ್ಲ; ಮೊಕದ್ದಮೆ ರದ್ದಾಯಿತು. ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ನಂಟಿದ್ದರೆ, ಮಿತಿ ಮೀರಿದ್ದರೂ ರಕ್ಷಣೆ ಉಂಟು. ನಂಟೇ ಇಲ್ಲದಿದ್ದರೆ ಇಲ್ಲ. ಆ ತಿಂಗಳು ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಅಮೆರಿಕವೂ ಪೊಲೀಸರ ಇಂಥದೇ ರಕ್ಷಣೆಯನ್ನು ಚರ್ಚಿಸುತ್ತಿತ್ತು. ಅಲ್ಲಿನದು ಪರಿಹಾರದ ದಾವೆಗಷ್ಟೇ ಸಂಬಂಧಿಸಿದ್ದು, ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕೋರ್ಟು. ಇಲ್ಲಿ ಬಾಗಿಲ ಕೀಲಿ ಸರ್ಕಾರದ ಕೈಯಲ್ಲಿ. ಪೊಲೀಸರನ್ನು ಬೀದಿಗೆ ಕಳಿಸಿದ್ದೂ ಅದೇ ಸರ್ಕಾರ.

ರಕ್ಷಣೆಯೇ ಬೇಡ ಎನ್ನಲಾರೆ. ಕಲ್ಲು ತೂರಾಟದ ನಡುವೆ ನಿಂತ ಕಾನ್‌ಸ್ಟೇಬಲ್ ಪ್ರತಿ ಲಾಠಿ ಏಟಿಗೂ ಮನೆ ಮಾರಿ ಕೇಸು ನಡೆಸಬೇಕೆಂದರೆ ಯಾರು ಆ ಕೆಲಸಕ್ಕೆ ಬಂದಾರು? ನನ್ನ ತಕರಾರು ‘ಮೀರಿ’ ಎಂಬ ಪದದ ಬಗ್ಗೆ. ಬೀದಿಯ ಗದ್ದಲದಲ್ಲಿ ಕೈ ಮೀರುವುದು ಒಂದು. ಬಾಗಿಲು ಹಾಕಿದ ಕೋಣೆಯಲ್ಲಿ, ತಪ್ಪಿಸಿಕೊಳ್ಳಲಾರದವನ ಮೇಲೆ ಕೈ ಮಾಡುವುದು ಇನ್ನೊಂದು. ಎರಡಕ್ಕೂ ಒಂದೇ ಪದ ಹಾಸಿದರೆ ಓದುಗನಾಗಿ ನಾನು ಒಪ್ಪುವುದು ಹೇಗೆ? 1993ರ ನೀಲಾವತಿ ಬೆಹೆರಾ ತೀರ್ಪಿನ ನಂತರ ಠಾಣೆಯ ಸಾವಿಗೆ ಪರಿಹಾರ ಸಿಗುತ್ತದೆ ನಿಜ. ಆದರೆ ಅದು ಖಜಾನೆಯ ಹಣ, ಅಂದರೆ ಸತ್ತವನ ಮನೆಯವರೂ ತೆರಿಗೆ ಕಟ್ಟಿದ ಹಣ.

2024ರಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 218ನೆಯ ಕಲಂ ಸರ್ಕಾರಕ್ಕೆ 120 ದಿನಗಳ ಗಡುವು ಹಾಕಿದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ. ಒಳ್ಳೆಯದೇ. ನೂರಹತ್ತೊಂಬತ್ತನೆಯ ದಿನ ‘ಇಲ್ಲ’ ಎಂಬ ಉತ್ತರ ಬಂದರೆ ಯಲವಿಗಿಯವರು ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಬೇಕು. ವಕೀಲರ ಫೀ, ಓಡಾಟದ ಖರ್ಚು ಅವರ ಜೇಬಿನದು.