ಘನಮೂಲ ನಮ್ಮದು, ಘನ ಸಮೀಕರಣ ಯಾರದು?

ನನ್ನ ಮೊಮ್ಮಗ ಇಲ್ಲೇ ಕುವೈತಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಒಂದು ಸಂಜೆ ಅವನು ಘನ ಸಮೀಕರಣದ ಲೆಕ್ಕ ಹಿಡಿದು ಕುಳಿತಿದ್ದಾಗ, ‘ಇದನ್ನೆಲ್ಲ ನಮ್ಮ ಮಹಾವೀರಾಚಾರ್ಯರು ಸಾವಿರದ ನೂರು ವರ್ಷಗಳ ಹಿಂದೆಯೇ ಬಿಡಿಸಿಟ್ಟಿದ್ದಾರೆ’ ಎಂದೆ. ‘ಯಾವ ಪುಟದಲ್ಲಿ, ತಾತ?’ ಎಂದು ಕೇಳಿದ. ಪುಸ್ತಕ ಕಪಾಟಿನಲ್ಲೇ ಇತ್ತು, ಆದರೆ ನಾನು ಅದನ್ನು ಓದಿರಲಿಲ್ಲ. ಉತ್ತರ ಹುಡುಕಲು ಓದಲು ಕುಳಿತದ್ದರ ಫಲ ಈ ಬರಹ.

‘ಗಣಿತಸಾರಸಂಗ್ರಹ’ ರಚನೆಯಾದದ್ದು ಸುಮಾರು ಕ್ರಿ.ಶ. 850ರಲ್ಲಿ. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕವಿ ಆರಂಭದಲ್ಲೇ ಹೊಗಳುತ್ತಾನೆ. ಭಾಷೆ ಸಂಸ್ಕೃತ, ಅಧ್ಯಾಯಗಳು ಒಂಬತ್ತು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಇದನ್ನು ಪ್ರಕಟಿಸಿದರು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು 2000ದಲ್ಲಿ ಹೊಂಬುಜ ಜೈನ ಮಠ ಹೊರತಂದಿತು.

ಘನದ ವಿಷಯದಲ್ಲಿ ಈ ಗ್ರಂಥ ನಿಜಕ್ಕೂ ಶ್ರೀಮಂತ. ಒಂದು ಸಂಖ್ಯೆಯನ್ನು ಮೂರು ಸಲ ಗುಣಿಸುವುದಷ್ಟೇ ಅಲ್ಲ, ಬೇರೆ ದಾರಿಗಳನ್ನೂ ಮಹಾವೀರ ಕೊಡುತ್ತಾನೆ. ಉದಾಹರಣೆಗೆ 4ರಿಂದ ಆರಂಭಿಸಿ, ಪ್ರತಿ ಸಲ 8 ಹೆಚ್ಚಿಸುತ್ತಾ ನಾಲ್ಕು ಪದಗಳನ್ನು ಕೂಡಿಸಿ: 4, 12, 20, 28. ಮೊತ್ತ 64, ಅದೇ 4ರ ಘನ. ಘನಮೂಲಕ್ಕೆ ಅವನ ಕ್ರಮವೂ ಸ್ಪಷ್ಟ. 12167 ತೆಗೆದುಕೊಳ್ಳಿ. ಬಲದಿಂದ ಮೂರು ಅಂಕಿ ಬಿಟ್ಟರೆ ಉಳಿಯುವುದು 12. ಅದರಲ್ಲಿ ಅಡಗುವ ದೊಡ್ಡ ಘನ 8, ಮೂಲ 2. ಕಳೆದರೆ 4, ಮುಂದಿನ ಅಂಕಿ ಇಳಿಸಿದರೆ 41. ಅದನ್ನು 2ರ ವರ್ಗದ ಮೂರು ಪಟ್ಟು, ಅಂದರೆ 12ರಿಂದ ಭಾಗಿಸಿದರೆ 3 ಬಂದು 5 ಉಳಿಯುತ್ತದೆ. 6 ಇಳಿಸಿದರೆ 56. ಅದರಿಂದ 3ರ ವರ್ಗ, 2 ಮತ್ತು 3ರ ಗುಣಲಬ್ಧವಾದ 54 ಕಳೆಯಿರಿ. ಉಳಿದ 2ಕ್ಕೆ 7 ಇಳಿಸಿದರೆ 27, ಅದು 3ರ ಘನ, ಕಳೆದರೆ ಶೂನ್ಯ. ಉತ್ತರ 23. ಈ ವಿಧಾನ 499ರ ಆರ್ಯಭಟೀಯದಲ್ಲೇ ಇದೆ. ಮಹಾವೀರನ ಹಿರಿಮೆ ಅದನ್ನು ಕಲಿಸಿದ ರೀತಿಯಲ್ಲಿದೆ.

ಘನಮೂಲ ಹಳೆಯ ಪುಸ್ತಕದ ವಿಷಯವೆಂದು ಯಾರೂ ತಿಳಿಯಬೇಡಿ. ಇಸಿಜಿ ಓದುವ ವೈದ್ಯರಿಗೆ ಅದು ಇಂದಿಗೂ ಬೇಕು. ಹೃದಯ ವೇಗವಾಗಿ ಬಡಿದಾಗ ಕ್ಯೂಟಿ ಅಂತರ ತಾನಾಗಿ ಕಿರಿದಾಗುತ್ತದೆ, ಆದ್ದರಿಂದ ಅದನ್ನು ತಿದ್ದಿ ಓದಬೇಕು. ಎರಡು ಬಡಿತಗಳ ನಡುವೆ 0.512 ಸೆಕೆಂಡು, ಕ್ಯೂಟಿ 320 ಮಿಲಿಸೆಕೆಂಡು ಎಂದಿರಲಿ. 1920ರಲ್ಲಿ ಫ್ರಿಡೆರಿಷಿಯಾ ಹೇಳಿದಂತೆ ಘನಮೂಲವಾದ 0.8ರಿಂದ ಭಾಗಿಸಿದರೆ 400. ಅದೇ ವರ್ಷದ ಬಜೆಟ್ ಸೂತ್ರದಂತೆ ವರ್ಗಮೂಲದಿಂದ ಭಾಗಿಸಿದರೆ ಸುಮಾರು 447, ಚಿಂತೆಯ ಗೆರೆಯ ಅಂಚಿಗೇ ಬಂತು. ಯಾವ ಮೂಲ ಎನ್ನುವುದರ ಮೇಲೆ ರೋಗಿಯ ನಿದ್ದೆ ನಿಂತಿರುತ್ತದೆ.

ಇನ್ನು ಮೊಮ್ಮಗನ ಪ್ರಶ್ನೆ. ಮಹಾವೀರನಲ್ಲಿ ನಾವು ಇಲ್ಲಿ ದಿನವೂ ನೋಡುವ ಒಂಟೆಗಳ ಲೆಕ್ಕವೊಂದಿದೆ. ಹಿಂಡಿನ ಕಾಲು ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿ, 15 ನದೀತೀರದಲ್ಲಿ, ಒಟ್ಟು ಎಷ್ಟು? 36. ಸೊಗಸಾದ ಲೆಕ್ಕ, ಆದರೆ ಅದು ವರ್ಗ ಸಮೀಕರಣ. ಘನ ಸಮೀಕರಣವನ್ನು ಬಿಡಿಸುವ ಸಾಮಾನ್ಯ ವಿಧಾನ ಆ ಒಂಬತ್ತು ಅಧ್ಯಾಯಗಳಲ್ಲಿ ಇಲ್ಲ.

ಮುನ್ನೂರು ವರ್ಷಗಳ ನಂತರ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಒಂದು ಘನ ಸಮೀಕರಣ ಬರುತ್ತದೆ. ಒಂದು ಸಂಖ್ಯೆಯ ಘನಕ್ಕೆ ಅದರ 12 ಪಟ್ಟನ್ನು ಕೂಡಿಸಿದರೆ, ಅದರ ವರ್ಗದ 6 ಪಟ್ಟಿಗೆ 35 ಕೂಡಿಸಿದಷ್ಟೇ ಆಗುತ್ತದೆ. ಎರಡೂ ಕಡೆಯಿಂದ ವರ್ಗದ 6 ಪಟ್ಟನ್ನೂ 8ನ್ನೂ ಕಳೆದರೆ ಒಂದು ಕಡೆ ಪೂರ್ಣ ಘನ, ಇನ್ನೊಂದು ಕಡೆ 27. ಘನಮೂಲ ತೆಗೆದರೆ ಉತ್ತರ 5. ಆದರೆ ಈ ಉಪಾಯ ಫಲಿಸುವುದು ಘನ ಹಾಗೆ ಪೂರ್ಣವಾಗುವಂತಿದ್ದರೆ ಮಾತ್ರ.

ಪೂರ್ಣವಾಗದಿದ್ದರೆ? ಅದಕ್ಕೆ ಉತ್ತರ ಹುಡುಕಿದವನು ಡಿ.ವಿ.ಜಿ.ಯವರ ‘ಉಮರನ ಒಸಗೆ’ಯಿಂದ ಕನ್ನಡಿಗರಿಗೆ ಕವಿಯಾಗಿ ಮಾತ್ರ ಪರಿಚಿತನಾದ ಉಮರ್ ಖಯ್ಯಾಮ್. 1070ರ ಸುಮಾರಿಗೆ ಸಮರ್‌ಕಂದದಲ್ಲಿ, ಅರಬ್ಬಿಯಲ್ಲಿ ಬರೆದ ಗ್ರಂಥದಲ್ಲಿ ಅವನು ಇಂಥ ಘನ ಸಮೀಕರಣಗಳನ್ನು 14 ಬಗೆಯಾಗಿ ವಿಂಗಡಿಸಿ, ಪರವಲಯ, ವೃತ್ತ ಮುಂತಾದ ರೇಖೆಗಳು ಕೂಡುವ ಬಿಂದುವಿನಿಂದ ಉತ್ತರ ಕಂಡುಕೊಂಡ. ಅಂಕಿಗಳಲ್ಲಿ ಉತ್ತರ ಕೊಡುವ ಸೂತ್ರ ತನಗೆ ಸಿಕ್ಕಿಲ್ಲವೆಂದೂ ಒಪ್ಪಿಕೊಂಡ. ಆಲ್ಜೀಬ್ರಾಕ್ಕೆ ಹೆಸರು ಕೊಟ್ಟ ‘ಅಲ್-ಜಬ್ರ್’ ಪದಕ್ಕೆ ಮುರಿದ ಮೂಳೆ ಕೂಡಿಸುವುದೆಂಬ ಅರ್ಥವೂ ಉಂಟು. ಕೈ ಮುರಿದವರಿಗೆ ಕಟ್ಟುವ ‘ಜಬೀರಾ’ ಅದೇ ಧಾತುವಿನದು.

ಅಂಕಿಯ ಸೂತ್ರ ಅಚ್ಚಾದದ್ದು 1545ರಲ್ಲಿ, ಇಟಲಿಯ ಕಾರ್ಡಾನೋನ ಪುಸ್ತಕದಲ್ಲಿ. ಅವನು ವೃತ್ತಿಯಿಂದ ವೈದ್ಯ. ಗುಟ್ಟಾಗಿಡುವ ಮಾತು ಮುರಿದನೆಂದು ಟಾರ್ಟಾಗ್ಲಿಯಾ ಅವನ ಮೇಲೆ ಸಿಟ್ಟಾದ. ಆದರೂ ಸೂತ್ರ ತನ್ನದಲ್ಲ, ದೆಲ್ ಫೆರ್ರೋ ಮತ್ತು ಟಾರ್ಟಾಗ್ಲಿಯಾ ಕಂಡದ್ದು ಎಂದು ಕಾರ್ಡಾನೋ ಅದೇ ಪುಸ್ತಕದಲ್ಲಿ ಬರೆದಿದ್ದಾನೆ.

‘ಎಲ್ಲವೂ ನಮ್ಮಲ್ಲಿತ್ತು’ ಎನ್ನುವ ಮಾತು ನಮ್ಮ ಸಭೆಗಳಲ್ಲಿ ಸುಲಭವಾಗಿ ಚಪ್ಪಾಳೆ ಗಿಟ್ಟಿಸುತ್ತದೆ, ನಾನೂ ತಟ್ಟಿದ್ದೇನೆ. ಆದರೆ ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಪುಟ ಕೇಳುತ್ತಾರೆ. ಒಂದು ಸುಳ್ಳು ಸಿಕ್ಕರೆ ನಿಜವಾಗಿ ನಮ್ಮದಾದ ಘನಮೂಲವನ್ನೂ ಅವರು ನಂಬುವುದಿಲ್ಲ. ಪರೀಕ್ಷೆ ಮಾಡದೆ ರೋಗದ ಹೆಸರು ಹೇಳುವುದು ತಪ್ಪಾದರೆ, ಓದದೆ ಹೊಗಳುವುದೂ ತಪ್ಪೇ.

ಮಹಾವೀರನಿಗೆ ಈ ಭ್ರಮೆ ಇರಲಿಲ್ಲ. ಸಮುದ್ರದಿಂದ ರತ್ನವನ್ನು, ಚಿಪ್ಪಿನಿಂದ ಮುತ್ತನ್ನು ತೆಗೆಯುವಂತೆ ಹಿರಿಯರ ಗಣಿತದಿಂದ ಸ್ವಲ್ಪ ಸಾರವನ್ನು ಆರಿಸಿದ್ದೇನೆ ಎಂದೇ ಅವನು ಆರಂಭಿಸುತ್ತಾನೆ. ಮುತ್ತು ಮುಳುಗಿ ತೆಗೆದವರ ಈ ನಾಡಿನಲ್ಲಿ ಆ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಮೊಮ್ಮಗನಿಗೆ ‘ಆ ಪುಟ ಇಲ್ಲ, ನಾನು ತಪ್ಪು ಹೇಳಿದೆ’ ಎಂದೆ. ಬದಲಿಗೆ 12167ರ ಪುಟ ತೋರುವಂತೆ ಲೆಕ್ಕ ಮಾಡಿಸಿದೆ. ಕ್ಯಾಲ್ಕ್ಯುಲೇಟರ್ ಇಲ್ಲದೆ 23 ಬಂದಾಗ, ಇನ್ನೊಂದು ಕೊಡಿ ತಾತ ಎಂದ.